ಅಂಕಕ್ಕೆ ನಿಲುಕದ ಭಯಾನಕ: ಆಟಗಳಲ್ಲಿ ಅಜೇಯ ಸತ್ತ್ವಗಳ ಚಿತ್ರಣ

ರಸಗಳನ್ನು ಎಣಿಸುವಲ್ಲಿ ನಮ್ಮ ಆಲಂಕಾರಿಕರು ಭಯಾನಕವನ್ನು ಮರೆತಿಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಆ ರಸದ ವರ್ಣ ಕಪ್ಪೆಂದೂ ಅದರ ಅಧಿದೇವತೆ ಕಾಲನೆಂದೂ ಹೇಳಿದ್ದಾನೆ. ಯಾವುದನ್ನು ನಮ್ಮ ಬಲದಿಂದ ತಡೆಯಲಾಗದೋ ಅದರ ಮುಂದೆ ಹುಟ್ಟುವ ಭಾವವೇ ಭಯವೆಂಬ ಧ್ವನಿ ಈ ಮಾತಿನಲ್ಲಿ ಅಡಗಿರುವಂತೆ ತೋರುತ್ತದೆ. ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಈ ರಸವನ್ನೇ ಕುರಿತು ಬರೆಯಬೇಕೆನಿಸಿತು. ಆದರೆ ಉದಾಹರಣೆಗಳನ್ನು ಕಾವ್ಯದಿಂದ ಆಯದೆ, ಇಂದಿನ ತರುಣರು ಆಡುವ ಆಟಗಳಿಂದ ಆಯ್ದಿರುವೆನು. ಹಳೆಯ ಪಂಡಿತನಿಗೇಕೆ ಈ ಹೊಸ ಗೀಳು ಎಂದು ವಾಚಕರು ಕೇಳಬಹುದು. ಕಾರಣವನ್ನು ಮೊದಲೇ ನಿವೇದಿಸಿಕೊಳ್ಳುವುದು ಯುಕ್ತ.

ಕಳೆದ ದಸರೆಯ ರಜೆಯಲ್ಲಿ ನಮ್ಮ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದು, ತನ್ನ ಗಣಕಯಂತ್ರದಲ್ಲಿ ಒಂದು ಆಟವನ್ನು ತೋರಿಸಿದನು. ಕತ್ತಲು ಕವಿದ ಕೋಟೆ. ಕೈಯಲ್ಲಿ ಒಂದು ಲಾಂದ್ರ. ಎಲ್ಲಿಯೋ ಏನೋ ನಡೆದಾಡುವ ಸದ್ದು. "ಇದನ್ನು ಕೊಲ್ಲುವ ಆಯುಧವೆಲ್ಲಿ?" ಎಂದು ಕೇಳಿದೆನು. "ಇದನ್ನ ಕೊಲ್ಲಾಕ ಬರೂದಿಲ್ರೀ ಗುರುಗಳ, ಅಡಗಬೇಕಷ್ಟ" ಎಂದನು. ಗೆಲ್ಲುವುದಕ್ಕೆಂದೇ ಹುಟ್ಟಿದ ಆಟದಲ್ಲಿ ಗೆಲ್ಲಲಾಗದ ವೈರಿಯನ್ನು ಇಡುವುದೇಕೆ, ಇಡುವುದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಡಲಿಲ್ಲ.

ಈ ಬಗೆಯ ಭಯದ ಮೂಲವನ್ನು ಅರಸಿದರೆ ನಾವು ಅಮೆರಿಕೆಯ ರೋಡ್ ಐಲೆಂಡ್ ಸಂಸ್ಥಾನದ ಪ್ರಾವಿಡೆನ್ಸ್ ನಗರವನ್ನು ಮುಟ್ಟುತ್ತೇವೆ. ಅಲ್ಲಿ 1890ರಲ್ಲಿ ಜನಿಸಿ 1937ರಲ್ಲಿ ತೀರಿಕೊಂಡ ಎಚ್. ಪಿ. ಲವ್‌ಕ್ರಾಫ್ಟ್ ಎಂಬ ಲೇಖಕನು ಬಾಲ್ಯದಿಂದಲೇ ಖಗೋಳಶಾಸ್ತ್ರದಲ್ಲಿ ಆಸಕ್ತನಾಗಿದ್ದು, ಊರ ಪತ್ರಿಕೆಗಳಿಗೆ ಆ ವಿಷಯದ ಅಂಕಣಗಳನ್ನು ಬರೆದವನು. ಅನಂತವಾದ ಆಕಾಶದ ಮುಂದೆ ಮನುಷ್ಯನು ಎಷ್ಟರವನು ಎಂಬ ಭಾವನೆಯೇ ಅವನ ಕಥೆಗಳ ಬೀಜ. 1928ರ ಫೆಬ್ರವರಿಯಲ್ಲಿ 'ವಿಯರ್ಡ್ ಟೇಲ್ಸ್' ಮಾಸಪತ್ರಿಕೆಯಲ್ಲಿ ಪ್ರಕಟವಾದ 'ದಿ ಕಾಲ್ ಆಫ್ ಕ್ಥುಲ್ಹು' ಎಂಬ ಕಥೆಯಲ್ಲಿ, ಪೆಸಿಫಿಕ್ ಸಾಗರದಲ್ಲಿ ಮುಳುಗಿದ ನಗರವೊಂದರೊಳಗೆ ಕ್ಥುಲ್ಹು ಎಂಬ ಮಹಾಸತ್ತ್ವವು ಮಲಗಿರುತ್ತದೆ. ಅದು ಎದ್ದಾಗ ನಾವಿಕನೊಬ್ಬನು ತನ್ನ ಹಡಗನ್ನೇ ಅದರ ತಲೆಗೆ ಅಪ್ಪಳಿಸುತ್ತಾನೆ. ತಲೆ ಒಡೆಯುತ್ತದೆ, ಹಡಗು ಮುಂದೆ ಸಾಗುತ್ತಿದ್ದಂತೆಯೇ ಒಡೆದುದೆಲ್ಲ ಮರಳಿ ಕೂಡಿಕೊಳ್ಳುತ್ತದೆ. ನಾವಿಕನು ಗೆದ್ದನೆನ್ನಲಾಗದು, ಪಾರಾದನು ಎನ್ನಬಹುದು. ಈ ಲೇಖಕನ ಭಯದಲ್ಲಿ ಅನ್ಯ ಜನಾಂಗಗಳನ್ನು ಕುರಿತ ದ್ವೇಷದ ಕಲ್ಮಷವೂ ಬೆರೆತಿದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅವನ ಕಲ್ಪನೆಯನ್ನು ಸ್ವೀಕರಿಸಿದ ಮುಂದಿನವರಲ್ಲಿ ಹಲವರು ಆ ಕಲ್ಮಷವನ್ನು ಸೋಸಿ ಬಿಟ್ಟಿರುವರು.

ಈ ಸತ್ತ್ವಗಳಿಗೂ ನಮ್ಮ ಪುರಾಣಗಳ ರಾಕ್ಷಸರಿಗೂ ಇರುವ ಅಂತರವನ್ನು ಗಮನಿಸಬೇಕು. ಹಿರಣ್ಯಕಶಿಪುವು ಹಗಲಿನಲ್ಲಿಯೂ ಇರುಳಿನಲ್ಲಿಯೂ, ಮನೆಯ ಒಳಗೂ ಹೊರಗೂ ಸಾಯದಂತೆ ವರವನ್ನು ಪಡೆದನು. ಆದರೆ ಸಂಧ್ಯಾಕಾಲವೂ ಹೊಸ್ತಿಲೂ ಉಳಿದುವು. ಪುರಾಣದ ಪ್ರತಿಯೊಂದು ವರಕ್ಕೂ ಒಂದು ಸಂದು ಉಂಟು. ಆ ಸಂದಿನಲ್ಲಿಯೇ ಧರ್ಮವು ಪ್ರವೇಶಿಸುತ್ತದೆ. ಅಲ್ಲದೆ ರಾಕ್ಷಸನು ನಮ್ಮನ್ನು ದ್ವೇಷಿಸುತ್ತಾನೆ. ದ್ವೇಷಿಸಲಾದರೂ ನಮ್ಮನ್ನು ಎಣಿಕೆಗೆ ತಂದುಕೊಳ್ಳುತ್ತಾನೆ. ಲವ್‌ಕ್ರಾಫ್ಟನ ಸತ್ತ್ವಗಳಿಗಾದರೋ ಮನುಷ್ಯನು ಇದ್ದಾನೆಂಬುದೇ ಲೆಕ್ಕಕ್ಕಿಲ್ಲ. ನಡೆವ ಆನೆಗೆ ಕಾಲಡಿಯ ಇರುವೆಯ ಮೇಲೆ ಹಗೆಯುಂಟೇ?

ಈಗ ಆಟದ ತೊಡಕನ್ನು ನೋಡೋಣ. ಕನ್ನಡದಲ್ಲಿ 'ಅಂಕ' ಎಂಬ ಪದಕ್ಕೆ ಎಣಿಕೆಯ ಗುರುತು ಎಂಬ ಅರ್ಥವಿದೆ. ಹಳಗನ್ನಡದಲ್ಲಿ ಕಾಳಗವೆಂಬ ಅರ್ಥವೂ ಇದೆ. ಕರಾವಳಿಯಲ್ಲಿ ಕೋಳಿಗಳ ಕಾದಾಟವನ್ನು ಇಂದಿಗೂ ಕೋಳಿ ಅಂಕವೆನ್ನುವರು. ಆಟಗಳ ವಿಷಯದಲ್ಲಿ ಈ ಎರಡು ಅರ್ಥಗಳೂ ಒಂದನ್ನೊಂದು ಹಿಡಿದುಕೊಂಡಿವೆ: ಯಾವುದಕ್ಕೆ ಅಂಕವಿದೆಯೋ ಅದರೊಡನೆ ಅಂಕವೂ ಸಾಧ್ಯ. 1974ರಲ್ಲಿ ಅಮೆರಿಕೆಯಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಪಾತ್ರಾಭಿನಯದ ಆಟವನ್ನು ಪ್ರಕಟಿಸಿದರು. ಅದರಲ್ಲಿ ವೀರನಿಗೂ ವೈರಿಗೂ 'ಹಿಟ್ ಪಾಯಿಂಟ್' ಎಂಬ ಪ್ರಾಣಾಂಕಗಳಿದ್ದು, ಏಟು ಬಿದ್ದಂತೆಲ್ಲ ಅವು ಕುಗ್ಗಿ, ಶೂನ್ಯವನ್ನು ಮುಟ್ಟಿದಾಗ ಆಯುಷ್ಯ ಮುಗಿಯುತ್ತದೆ. 1980ರಲ್ಲಿ ಆ ಆಟಕ್ಕಾಗಿಯೇ ಹೊರಬಂದ 'ಡೀಟೀಸ್ ಅಂಡ್ ಡೆಮಿಗಾಡ್ಸ್' ಎಂಬ ಗ್ರಂಥವು ಗ್ರೀಕರ ಜ್ಯೂಸನಿಗೂ ನಮ್ಮ ಇಂದ್ರನಿಗೂ ಇಂತಹ ಅಂಕಗಳನ್ನು ಕೊಟ್ಟಿತು. ಮೊದಲ ಮುದ್ರಣಗಳಲ್ಲಿ ಕ್ಥುಲ್ಹುವಿಗೂ ಕೊಟ್ಟಿತು. ಅಂಕವನ್ನು ಕೊಟ್ಟ ಕ್ಷಣವೇ ಅನಂತವು ಸಾಂತವಾಯಿತು. ಎಷ್ಟು ದೊಡ್ಡ ಸಂಖ್ಯೆಯಾದರೂ ಕಳೆಯುತ್ತ ಹೋದರೆ ಒಂದು ದಿನ ಮುಗಿಯಲೇಬೇಕಲ್ಲವೇ?

ಈ ತೊಡಕಿಗೆ ಉಪಾಯವನ್ನು ಕಂಡವನು ಸ್ಯಾಂಡಿ ಪೀಟರ್ಸನ್. 1981ರಲ್ಲಿ ಕೇಯಾಸಿಯಂ ಸಂಸ್ಥೆಯಿಂದ ಹೊರಬಂದ ಅವನ 'ಕಾಲ್ ಆಫ್ ಕ್ಥುಲ್ಹು' ಎಂಬ ಆಟದಲ್ಲಿ ಮುಖ್ಯವಾಗಿ ಅಳೆಯಬೇಕಾದದ್ದು ವೈರಿಯ ಬಲವನ್ನಲ್ಲ, ನೋಡುವವನ ಚಿತ್ತಸ್ವಾಸ್ಥ್ಯವನ್ನು. ಆಟಗಾರನ ಪಾತ್ರಕ್ಕೆ ಹೆಚ್ಚೆಂದರೆ 99 ಸ್ವಾಸ್ಥ್ಯಾಂಕಗಳು. ಘೋರವನ್ನು ಕಂಡಾಗಲೆಲ್ಲ ದಾಳವನ್ನು ಉರುಳಿಸಿ ಅವುಗಳಲ್ಲಿ ಕೆಲವನ್ನು ಕಳೆಯಬೇಕು. ಕ್ಥುಲ್ಹುವನ್ನು ಕಂಡು ಎದೆಗೆಟ್ಟವನು ಒಂದೇ ನೋಟಕ್ಕೆ 1ರಿಂದ 100ರವರೆಗೆ ಎಷ್ಟನ್ನಾದರೂ ಕಳೆದುಕೊಳ್ಳಬಹುದು; ಅಂದರೆ ಒಂದೇ ನೋಟದಲ್ಲಿ ಬುದ್ಧಿಯೆಲ್ಲವೂ ನಂದಿಹೋಗಬಹುದು. ಸ್ವಾಸ್ಥ್ಯವು ಶೂನ್ಯವಾದರೆ ಪಾತ್ರವು ಆಟಗಾರನ ಕೈತಪ್ಪಿ ಆಟದ ನಿರ್ವಾಹಕನ ವಶವಾಗುತ್ತದೆ. ಇನ್ನೂ ಒಂದು ಸೂಕ್ಷ್ಮವುಂಟು. ಆ ಸತ್ತ್ವಗಳ ವಿಷಯದಲ್ಲಿ ಪಡೆದ ಜ್ಞಾನವು ಎಷ್ಟು ಹೆಚ್ಚುತ್ತದೆಯೋ ಅಷ್ಟನ್ನು 99ರಿಂದ ಕಳೆದು ಸ್ವಾಸ್ಥ್ಯದ ಮೇಲ್ಮಿತಿಯನ್ನು ಗೊತ್ತುಮಾಡುವರು. ಅರಿವನ್ನೇ ಗುರುವೆಂದು ನಂಬಿದ ನಮ್ಮಂಥವರಿಗೆ ಇದು ತಲೆಕೆಳಗಾದ ಲೋಕ. ಅಲ್ಲಿ ಅರಿವೇ ಗಾಯ.

ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಪೀಟರ್ಸನ್ ಭಾರವನ್ನು ಆಲಂಬನವಿಭಾವದಿಂದ ತೆಗೆದು ಅನುಭಾವದ ಮೇಲೆ ಇರಿಸಿದನು. ಭಯಕ್ಕೆ ವಿಷಯವಾದ ವಸ್ತುವನ್ನು ಎಷ್ಟು ವರ್ಣಿಸಿದರೂ ರಸವು ಹುಟ್ಟಲಾರದು. ನೋಡಿದವನ ಕಂಪ, ವಿವರ್ಣತೆ, ಸ್ವರಭಂಗಗಳನ್ನು ತೋರಿಸಿದಾಗ ಸಹೃದಯನ ಎದೆಯೂ ನಡುಗುತ್ತದೆ. ಕಾಣದ ಹುಲಿಯನ್ನು ಓಡುವ ಜಿಂಕೆಯಿಂದ ಅರಿಯುವಂತೆ, ಅಳೆಯಲಾಗದ್ದನ್ನು ಅದು ಮಾಡಿದ ಗಾಯದಿಂದ ಅರಿಯಬೇಕು.

ಮತ್ತೊಂದು ಉಪಾಯವೆಂದರೆ ಅಂಕವನ್ನೇ ಕೊಡದಿರುವುದು. ರಿಚರ್ಡ್ ಲಾನಿಯಸ್ ರಚಿಸಿದ 'ಆರ್ಕಮ್ ಹಾರರ್' ಎಂಬ ಹಾಸಿನ ಆಟವು 1987ರಲ್ಲಿ ಪ್ರಕಟವಾಯಿತು. 2005ರಲ್ಲಿ ಅದು ಹೊಸ ರೂಪದಲ್ಲಿ ಬಂದಿತು. ಇದರಲ್ಲಿ ಆಟಗಾರರು ಪರಸ್ಪರ ಸೆಣಸದೆ, ಎಲ್ಲರೂ ಒಂದಾಗಿ, ಪರಲೋಕದ ದ್ವಾರಗಳನ್ನು ಮುಚ್ಚಲು ಹೆಣಗುವರು. ಹೊಸ ರೂಪದಲ್ಲಿ ಇತರ ಮಹಾಸತ್ತ್ವಗಳು ಎಚ್ಚೆತ್ತರೆ ಕೊನೆಯ ಕಾಳಗಕ್ಕೆ ಅವಕಾಶವುಂಟು. ಆದರೆ ಅಜಥಾತ್ ಎಂಬುದು ಎಚ್ಚೆತ್ತರೆ ಕಾಳಗವೇ ಇಲ್ಲ. ಲೋಕ ಮುಗಿಯಿತು, ಎಲ್ಲರೂ ಸೋತರು. ದಾಳವನ್ನು ಕೈಯಲ್ಲಿ ಹಿಡಿದವನಿಗೆ ಅದನ್ನು ಉರುಳಿಸುವ ಅವಕಾಶವೂ ದೊರೆಯದು. ನಿಯಮಪುಸ್ತಕದ ಆ ಮೌನಕ್ಕಿಂತ ಘೋರವಾದ ವರ್ಣನೆ ಬೇರೆ ಬೇಕಿಲ್ಲ.

ಗಣಕಯಂತ್ರದ ಆಟಗಳಲ್ಲಿ ಈ ದಾರಿಗಳು ಕವಲೊಡೆದುವು. 1996ರ 'ಕ್ವೇಕ್' ಆಟದ ಕೊನೆಯಲ್ಲಿ ಬರುವ ಶುಬ್-ನಿಗ್ಗುರತ್ ಎಂಬ ಸತ್ತ್ವಕ್ಕೆ ಯಾವ ಆಯುಧವೂ ತಾಗದು; ಅದರ ದೇಹದ ಮೂಲಕ ಹಾದುಹೋಗುವ ಮುಳ್ಳುಗುಂಡನ್ನು ಕಾದಿದ್ದು, ಸ್ಥಾನಾಂತರದ ದ್ವಾರವನ್ನು ಸರಿಯಾದ ಗಳಿಗೆಯಲ್ಲಿ ಹೊಕ್ಕರೆ ಮಾತ್ರ ಅದು ಸಿಡಿಯುತ್ತದೆ. ಇದು ಸಂಧ್ಯೆ ಹೊಸ್ತಿಲುಗಳ ಮಾರ್ಗ, ಪುರಾಣಕ್ಕೇ ಸಮೀಪ. 2002ರಲ್ಲಿ ನಿಂಟೆಂಡೊ ಸಂಸ್ಥೆಯ ಗೇಮ್‌ಕ್ಯೂಬ್ ಯಂತ್ರಕ್ಕಾಗಿ ಬಂದ 'ಎಟರ್ನಲ್ ಡಾರ್ಕ್‌ನೆಸ್' ಆಟವು ಇನ್ನೊಂದು ಹೆಜ್ಜೆಯನ್ನು ಮುಂದಿಟ್ಟಿತು. ಪಾತ್ರದ ಸ್ವಾಸ್ಥ್ಯವು ಕುಗ್ಗಿದಾಗ ಅದು ಆಟಗಾರನನ್ನೇ ವಂಚಿಸುತ್ತದೆ: ಧ್ವನಿ ತಾನಾಗಿ ತಗ್ಗಿದಂತೆ, ತೆರೆಯ ಮೇಲೆ ಹುಳು ಹರಿದಂತೆ, ಕೂಡಿಟ್ಟ ಆಟವೆಲ್ಲ ಅಳಿಸಿಹೋಗುತ್ತಿರುವಂತೆ. ಪ್ರೇಕ್ಷಕನ ಪೀಠವೇ ರಂಗವಾಯಿತು. 2010ರಲ್ಲಿ ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ಸಂಸ್ಥೆಯವರು ರಚಿಸಿದ 'ಅಮ್ನೇಶಿಯಾ: ದಿ ಡಾರ್ಕ್ ಡಿಸೆಂಟ್' ಎಂಬುದೇ ನನ್ನ ಶಿಷ್ಯನು ತೋರಿಸಿದ ಆಟ. ಅಲ್ಲಿ ಆಯುಧವಿಲ್ಲ. ವೈರಿಯನ್ನು ದಿಟ್ಟಿಸಿದರೂ ಬುದ್ಧಿ ಕುಗ್ಗುತ್ತದೆ, ಕತ್ತಲಲ್ಲಿ ಅಡಗಿ ಕುಳಿತರೂ ಕುಗ್ಗುತ್ತದೆ.

ಇದಕ್ಕೆ ವ್ಯತಿರೇಕವಾಗಿ 2015ರಲ್ಲಿ ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯವರು ರಚಿಸಿದ 'ಬ್ಲಡ್‌ಬೋರ್ನ್' ಆಟವನ್ನು ನೋಡಬಹುದು. 'ಇನ್‌ಸೈಟ್' ಎಂಬ ಒಳನೋಟದ ಅಂಕವು 40ನ್ನು ಮುಟ್ಟಿದಾಗ, ನಾವು ಎಷ್ಟೋ ಸಲ ಹಾದುಹೋದ ಕಟ್ಟಡಗಳ ಮೇಲೆ ಮಹಾಸತ್ತ್ವಗಳು ಮೊದಲಿನಿಂದಲೂ ತಬ್ಬಿ ಕುಳಿತಿದ್ದುದು ಕಾಣುತ್ತದೆ. ಎಂತಹ ಅದ್ಭುತ ಕಲ್ಪನೆ! ಆದರೆ ಮುಂದೆ ಅಂತಹ ಸತ್ತ್ವಗಳೊಡನೆಯೇ ಕಾದುವಾಗ ತೆರೆಯ ಮೇಲೆ ಪ್ರಾಣಾಂಕದ ಪಟ್ಟಿಯೊಂದು ಮೂಡುತ್ತದೆ. ಪಟ್ಟಿ ಮೂಡಿತೆಂದರೆ ಭಯಾನಕವು ಹಿಂದೆ ಸರಿದು ವೀರರಸವು ಮುಂದೆ ಬಂದಿತೆಂದೇ ತಿಳಿಯಬೇಕು.

ಈ ಉಪಾಯಗಳಿಗೂ ಮಿತಿಯಿಲ್ಲದಿಲ್ಲ. ಸ್ವಾಸ್ಥ್ಯವೂ ಅಂಕವೇ ಆದುದರಿಂದ, ಪಳಗಿದ ಆಟಗಾರನು ಅದನ್ನೂ ಜಮಾಖರ್ಚಿನಂತೆ ಲೆಕ್ಕ ಹಾಕತೊಡಗುತ್ತಾನೆ. ಮೊದಲ ಸಲ ನಡುಗಿಸಿದ್ದು ಹತ್ತನೆಯ ಸಲಕ್ಕೆ ನಗೆಯನ್ನು ತರುತ್ತದೆ. ಇಂದು ಕ್ಥುಲ್ಹುವಿನ ಮೆತ್ತನೆಯ ಗೊಂಬೆಗಳೂ ಅಂಗಡಿಗಳಲ್ಲಿ ಮಾರಾಟವಾಗುತ್ತವೆ. ಅಲ್ಲದೆ ಎಳೆಯ ಮಕ್ಕಳಿಗೆ ಈ ಆಟಗಳು ತಕ್ಕವಲ್ಲವೆಂಬುದನ್ನೂ ಸ್ಪಷ್ಟವಾಗಿ ಹೇಳಬೇಕು.

ಇಷ್ಟನ್ನು ಬರೆದುದರ ಪ್ರಯೋಜನವೇನು? ನನ್ನ ಈ ಶಿಷ್ಯನು ಹಿಂದೆ ಹತ್ತನೆಯ ತರಗತಿಯ ಗಣಿತದಲ್ಲಿ ಅನುತ್ತೀರ್ಣನಾಗಿ, ಮೂರು ದಿನ ಮನೆಯಿಂದ ಹೊರಬಾರದೆ ಕುಳಿತಿದ್ದವನು. ಅಂದು ನಾನು ಹೋಗಿ "ಮತ್ತೆ ಬರೆ, ಗೆಲ್ಲುವೆ" ಎಂದಷ್ಟೇ ಹೇಳಿ ಬಂದೆನು. ಗೆಲ್ಲುವವರೆಗಿನ ದಿನಗಳನ್ನು ಕಳೆಯುವುದು ಹೇಗೆ, ಸೋಲನ್ನು ಹೆಗಲ ಮೇಲೆ ಹೊತ್ತು ನಡೆಯುವುದು ಹೇಗೆ ಎಂಬುದನ್ನು ಹೇಳಲಿಲ್ಲ. ಹೇಳಬೇಕೆಂದು ನನಗೆ ತೋಚಲೂ ಇಲ್ಲ. ನಾವು ಅಂಕಗಳನ್ನು ಕೊಡುವವರು. ನಮ್ಮ ವಾರ್ಷಿಕ ಸಂಚಿಕೆಗಳಲ್ಲಿ ಉತ್ತೀರ್ಣರ ಪಟ್ಟಿಗಳು ಶೋಭಿಸುತ್ತವೆ. ಉಳಿದವರಿಗಾಗಿ ನಾವು ಬರೆಯುವುದು ಏನೂ ಇಲ್ಲ. ಆ ಆಟದಲ್ಲಾದರೋ, ಕೊಲ್ಲಲಾಗದೆಂದು ತಿಳಿದೂ ಮನುಷ್ಯನು ಬಾಗಿಲನ್ನು ಮುಚ್ಚುತ್ತಾನೆ, ಜೊತೆಗಾರನನ್ನು ಪಾರುಮಾಡುತ್ತಾನೆ, ಊರನ್ನು ಇನ್ನೊಂದು ದಿನ ಉಳಿಸುತ್ತಾನೆ. ಮಾಡಿದ ಕೆಲಸದ ಬೆಲೆಯು ಗೆಲುವನ್ನು ಅವಲಂಬಿಸಿಲ್ಲವೆಂಬ ಪಾಠವನ್ನು ನನ್ನ ಶಿಷ್ಯನು ನನ್ನಿಂದ ಕಲಿಯಲಿಲ್ಲ.

ಅಂದು ರಾತ್ರಿ ಹೊರಡುವಾಗ ಅವನು ನಮಸ್ಕರಿಸಿ, "ಹೆದರಿಕೆ ಆತೇನ್ರೀ ಗುರುಗಳ?" ಎಂದು ಕೇಳಿದನು. ಆಯಿತೆಂದೆನು. ಅವನು ನಕ್ಕು, "ನನಗೂ ಪ್ರತಿ ಸಲ ಆಗ್ತದ್ರೀ. ಆದ್ರ ದೀಪ ಹಿಡ್ಕೊಂಡು ನಡೀಬೇಕಲ್ರಿ" ಎಂದನು. ಆ ಮಾತನ್ನು ನಮ್ಮ ಶಾಲೆಯ ಅಧ್ಯಾಪಕ ಬಂಧುಗಳ ಮುಂದಿಟ್ಟು ವಿರಮಿಸುತ್ತೇನೆ.