ಎಂಜಿನ್ನಿನ ಕಿಡಿ

ಪುಣೆಯಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯು ಹಾವೇರಿಯ ಮಗ್ಗುಲಲ್ಲಿ ಸಾಗಿ, ಬ್ಯಾಡಗಿಗೆ ದಾರಿ ತಿರುಗುವ ಮೋಟೆಬೆನ್ನೂರನ್ನು ಹಾದು, ರಾಣೆಬೆನ್ನೂರನ್ನು ಮುಟ್ಟುತ್ತದೆ. ಈ ದಾರಿಯ ಇಕ್ಕೆಲಗಳಲ್ಲಿ ಮೋಟಾರು ದುರಸ್ತಿಯ ಗ್ಯಾರೇಜುಗಳಿಗೆ ಕೊರತೆಯಿಲ್ಲ. ರಾಣೆಬೆನ್ನೂರಿನ ಅಂತಹದೊಂದು ಗ್ಯಾರೇಜಿನಲ್ಲಿ, ಹಳೆಯ ವೃತ್ತಪತ್ರಿಕೆಯ ಮೇಲೆ ಸಾಲಾಗಿ ಇಟ್ಟಿದ್ದ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ನೋಡುತ್ತ ನಾನೊಮ್ಮೆ ಅರ್ಧ ದಿನ ಕುಳಿತಿದ್ದೆ. ಬಾಳೆಲ್ಲ ಕನ್ನಡ ಪಾಠ ಹೇಳಿದವನಿಗೆ ಅಲ್ಲೇನು ಕೆಲಸವೆಂದು ನೀವು ಕೇಳಬಹುದು. ಆ ಪ್ಲಗ್ಗುಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕಾರಿನವು. ಅವುಗಳ ದೆಸೆಯಿಂದ ಅವನ ತಂದೆಯ ಒಂದು ಹಂಗಾಮಿನ ಮೆಣಸಿನಕಾಯಿಯ ದುಡ್ಡು ಹೊಗೆಯಾಗಿ ಹೋಗಿತ್ತು.

ಹುಡುಗ ಬ್ಯಾಡಗಿ ತಾಲ್ಲೂಕಿನವನು. ಮೋಟಾರು ಪಂದ್ಯಗಳ ಹುಚ್ಚು ಅವನಿಗೆ. ಹಳೆಯದೊಂದು ಮಾರುತಿ ಎಸ್ಟೀಮ್ ಕಾರನ್ನು ಕೊಂಡು, ಅದರ 1300 ಸಿ.ಸಿ. ಎಂಜಿನ್ನಿನ ಬಲವನ್ನು ಹೆಚ್ಚಿಸಲು ತೊಡಗಿದ್ದನು. ಸಿಲಿಂಡರಿನ ಮೇಲುಮುಚ್ಚಳವಾದ ಹೆಡ್ಡನ್ನು ತುಸು ಕೆತ್ತಿಸಿ ಒತ್ತಡವನ್ನು ಏರಿಸಿದ್ದನು. ಕ್ಯಾಮ್ ದಂಡವನ್ನೂ ಹೊಗೆಕೊಳವೆಯನ್ನೂ ಬದಲಿಸಿದ್ದನು. ಹೀಗೆ ಮಾರ್ಪಡಿಸಿದ ವಾಹನ ಸಾರ್ವಜನಿಕ ರಸ್ತೆಗೆ ಸಲ್ಲದು. ಕಾರ್ಖಾನೆ ಕೊಟ್ಟ ಸ್ವರೂಪವನ್ನು ಮೀರಿ ವಾಹನವನ್ನು ಬದಲಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹುಡುಗ ಇದನ್ನು ಬಲ್ಲವನಾದ್ದರಿಂದ ಕಾರನ್ನು ಲಾರಿಯಲ್ಲಿ ಹೇರಿಕೊಂಡು ಕೊಯಮತ್ತೂರಿನ ಪಂದ್ಯದ ಹಾದಿಗೆ ಒಯ್ದನು. ಅಲ್ಲಿ ಕೆಲವು ಸುತ್ತು ಓಡುವಷ್ಟರಲ್ಲಿ ಎಂಜಿನ್ನು ಕೆಮ್ಮಿತು, ಬಿಳಿಯ ಹೊಗೆ ಕಾರಿತು, ನಿಂತಿತು. ಬಿಚ್ಚಿ ನೋಡಿದರೆ ಒಂದು ಪಿಸ್ಟನ್ನಿನ ನೆತ್ತಿಯಲ್ಲಿ ಬೆರಳು ತೂರುವಷ್ಟು ತೂತು.

ಇಷ್ಟೆಲ್ಲಕ್ಕೂ ಕಾರಣವಾದ ವಸ್ತು ನಮ್ಮ ನಾಡಿಗೆ ಹೊಸದಲ್ಲ. 1951ರಲ್ಲಿ ಸ್ಥಾಪನೆಗೊಂಡ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನು ತಯಾರಿಸುತ್ತಿತ್ತು. ಜನ ಅದನ್ನು 'ಮೈಕೋ' ಎಂದೇ ಕರೆದರು; 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ಓಡಿಸಿದ ಹಿರಿಯರಿಗೆ ಪ್ಲಗ್ಗಿನ ಸ್ವಭಾವವನ್ನು ಹೇಳಿಕೊಡಬೇಕಾಗಿಲ್ಲ. ಆ ಎಂಜಿನ್ನುಗಳು ಪೆಟ್ರೋಲಿನೊಡನೆ ಎಣ್ಣೆಯನ್ನೂ ಸುಡುತ್ತಿದ್ದುದರಿಂದ ಪ್ಲಗ್ಗಿಗೆ ಬೇಗ ಮಸಿ ಕಟ್ಟುತ್ತಿತ್ತು. ನಮ್ಮ ಶಾಲೆಯ ಡ್ರಿಲ್ ಮಾಸ್ತರರ ಜೇಬಿನಲ್ಲಿ ಸೀಟಿಯ ಜೊತೆಗೆ ಒಂದು ಪ್ಲಗ್ಗೂ ಒಂದು ತುಂಡು ಉಪ್ಪುಕಾಗದವೂ ಸದಾ ಇರುತ್ತಿದ್ದವು.

ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ನು ಒತ್ತಿ ಹಿಡಿದಾಗ ಅದಕ್ಕೆ ಕಿಡಿ ತಗುಲಿಸುವುದೇ ಪ್ಲಗ್ಗಿನ ಕೆಲಸ. ನಡುವೆ ಒಂದು ಲೋಹದ ಕಡ್ಡಿ, ಅದರ ಸುತ್ತ ಪಿಂಗಾಣಿಯ ಕವಚ, ಹೊರಗೆ ತಿರುಪುಳ್ಳ ಉಕ್ಕಿನ ಮೈ, ತುದಿಯಲ್ಲಿ ಬಾಗಿದ ಇನ್ನೊಂದು ಕಡ್ಡಿ. ಎರಡು ಕಡ್ಡಿಗಳ ನಡುವಣ ಸಣ್ಣ ಸಂದಿನಲ್ಲಿ ಸಾವಿರಾರು ವೋಲ್ಟುಗಳ ವಿದ್ಯುತ್ತು ಜಿಗಿಯುತ್ತದೆ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿನ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 50 ಕಿಡಿಗಳು ಹಾರಬೇಕು. ಫ್ರಾನ್ಸಿನ ಲೆನ್ವಾ 1860ರಲ್ಲಿಯೇ ತನ್ನ ಅನಿಲ ಎಂಜಿನ್ನಿಗೆ ವಿದ್ಯುತ್ ಕಿಡಿಯನ್ನು ಬಳಸಿದ್ದನು. ಜರ್ಮನಿಯ ಬಾಷ್ ಕಾರ್ಖಾನೆಯಲ್ಲಿದ್ದ ಹೋನೊಲ್ಡ್ 1902ರಲ್ಲಿ ಅಧಿಕ ವೋಲ್ಟಿನ ಮ್ಯಾಗ್ನೆಟೋವನ್ನೂ ಅದಕ್ಕೊಪ್ಪುವ ಪ್ಲಗ್ಗನ್ನೂ ರೂಪಿಸಿದ ಮೇಲೆ ವೇಗದ ಎಂಜಿನ್ನುಗಳಿಗೆ ದಾರಿ ತೆರೆಯಿತು.

ಆದರೆ ಕಿಡಿ ಹಾರಿಸುವುದು ಪ್ಲಗ್ಗಿನ ಅರ್ಧ ಕೆಲಸ ಮಾತ್ರ. ಉಳಿದರ್ಧ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎರಡು ಸಾವಿರ ಡಿಗ್ರಿಗೂ ಮೀರಿದ ಜ್ವಾಲೆಯ ನಡುವೆ ಮೂಗು ಚಾಚಿ ನಿಂತಿರುವ ಪ್ಲಗ್ಗು ತಾನು ಹೀರಿದ ಕಾವನ್ನು ಎಂಜಿನ್ನಿನ ಹೆಡ್ಡಿಗೆ ದಾಟಿಸುತ್ತಲೇ ಇರಬೇಕು. ಅದರ ತುದಿಯ ಉಷ್ಣತೆ ಸುಮಾರು 450 ಡಿಗ್ರಿಗಿಂತ ಕೆಳಗಿಳಿದರೆ ಮಸಿ ಸುಟ್ಟುಹೋಗದೆ ಪಿಂಗಾಣಿಯ ಮೇಲೆ ಕಟ್ಟುತ್ತದೆ; ವಿದ್ಯುತ್ತು ಸಂದಿನಲ್ಲಿ ಜಿಗಿಯುವುದನ್ನು ಬಿಟ್ಟು ಆ ಮಸಿಯ ಮೇಲೆಯೇ ಹರಿದುಹೋಗುತ್ತದೆ. 850 ಡಿಗ್ರಿಯನ್ನು ಬಹಳ ಮೀರಿದರೆ ತುದಿಯೇ ಕೆಂಡವಾಗಿ, ಕಿಡಿ ಹಾರುವ ಮೊದಲೇ ಮಿಶ್ರಣಕ್ಕೆ ಬೆಂಕಿ ತಗುಲುತ್ತದೆ. ಪಿಸ್ಟನ್ನು ಇನ್ನೂ ಮೇಲೇರುತ್ತಿರುವಾಗಲೇ ಎದುರಿನಿಂದ ಬೆಂಕಿ ಅದನ್ನು ಅದುಮುತ್ತದೆ. ಪಿಸ್ಟನ್ನು ಅಲ್ಯೂಮಿನಿಯಂ ಬೆರಕೆಯದು. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ತೂತು ಬೀಳಲು ಹೆಚ್ಚು ಹೊತ್ತು ಬೇಡ.

ಕಾವನ್ನು ಬೇಗ ದಾಟಿಸುವ ಪ್ಲಗ್ಗಿಗೆ 'ತಂಪು' ಪ್ಲಗ್ಗೆಂದೂ ನಿಧಾನವಾಗಿ ದಾಟಿಸುವುದಕ್ಕೆ 'ಬಿಸಿ' ಪ್ಲಗ್ಗೆಂದೂ ಹೆಸರು. ಪಿಂಗಾಣಿಯ ಮೂಗು ಗಿಡ್ಡವಾಗಿದ್ದರೆ ತಂಪು, ಉದ್ದವಾಗಿದ್ದರೆ ಬಿಸಿ. ಬಿಸಿ ಪ್ಲಗ್ಗು ದೊಡ್ಡ ಕಿಡಿ ಕೊಡುತ್ತದೆ, ಎಂಜಿನ್ನಿನ ಬಲ ಹೆಚ್ಚಿಸುತ್ತದೆ ಎಂದು ಹಲವರು ನಂಬಿದ್ದಾರೆ. ಇದು ತಪ್ಪು ತಿಳಿವಳಿಕೆ. ಬ್ಯಾಡಗಿಯ ಮೆಣಸಿನಕಾಯಿಯನ್ನು ಕಂಡವರಿಗೆ ಈ ಮಾತು ಸುಲಭವಾಗಿ ತಿಳಿದೀತು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಸುಕ್ಕುಮೈಯ ಕಾಯಿ ಕಡುಗೆಂಪು. ಪರವೂರಿನವರು ಅದನ್ನು ನೋಡಿಯೇ ಬೆವರುತ್ತಾರೆ. ಆದರೆ ಅದರ ಹೆಚ್ಚಳವಿರುವುದು ಬಣ್ಣದಲ್ಲಿ, ಖಾರ ಕಡಿಮೆ.

ಎಂಜಿನ್ನಿನ ಒತ್ತಡವನ್ನು ಏರಿಸಿದಾಗ ಕಾವೂ ಏರುತ್ತದೆ. ಕಾರ್ಖಾನೆ ಕೊಟ್ಟ ಪ್ಲಗ್ಗು ಕಾರ್ಖಾನೆ ಕೊಟ್ಟ ಎಂಜಿನ್ನಿಗೆ ಸರಿ. ಬದಲಾದ ಎಂಜಿನ್ನಿಗೆ ಅದಕ್ಕಿಂತ ತಂಪಾದುದು ಬೇಕಾಗಬಹುದು. ಹುಡುಗ ಇಷ್ಟನ್ನು ಓದಿ ತಿಳಿದಿದ್ದನು. ಎಡವಿದ್ದು ಅಂಕಿಯಲ್ಲಿ. ಅವನ ಕಾರಿನಲ್ಲಿದ್ದುದು 6ನೆಯ ಸಂಖ್ಯೆಯ ಪ್ಲಗ್ಗು. ಆ ಕಂಪನಿಯ ಲೆಕ್ಕದಲ್ಲಿ ಸಂಖ್ಯೆ ಏರಿದಷ್ಟೂ ಪ್ಲಗ್ಗು ತಂಪು. ಅಂಗಡಿಯಲ್ಲಿ ಅದು ಸಿಗದಿರಲು, ಬೇರೊಂದು ಕಂಪನಿಯ 8ನೆಯ ಸಂಖ್ಯೆಯದನ್ನು ತಂದು ಹಾಕಿದನು.

"ಎಂಟು ಅಂದ್ರ ಇನ್ನೂ ತಂಪು ಅಂತ ತಿಳಕೊಂಡಿದ್ದೆ ಸರ," ಎಂದು ನನ್ನೆದುರು ತಲೆ ತಗ್ಗಿಸಿದನು.

ಗ್ಯಾರೇಜಿನ ಮಿಸ್ತ್ರಿ ವಯಸ್ಸಾದವರು. ಅವರು ಕನ್ನಡಕ ಒರೆಸಿಕೊಳ್ಳುತ್ತ, "ತಮ್ಮಾ, ಇವರ ಊರಾಗ ಲೆಕ್ಕ ಮ್ಯಾಲಿಂದ ಕೆಳಗ ಬರತೈತಿ," ಎಂದರು.

ಮಿಸ್ತ್ರಿ ಹೇಳಿದುದು ಅಕ್ಷರಶಃ ನಿಜ. ಜಪಾನಿನ ಎನ್‌ಜಿಕೆ ಮತ್ತು ಡೆನ್ಸೋ ಕಂಪನಿಗಳ ಪ್ಲಗ್ಗುಗಳಲ್ಲಿ ದೊಡ್ಡ ಅಂಕಿ ತಂಪನ್ನು ಸೂಚಿಸುತ್ತದೆ. ಜರ್ಮನಿಯ ಬಾಷ್ ಮತ್ತು ಅಮೆರಿಕದ ಚಾಂಪಿಯನ್ ಪ್ಲಗ್ಗುಗಳಲ್ಲಿ ದೊಡ್ಡ ಅಂಕಿ ಬಿಸಿಯನ್ನು ಸೂಚಿಸುತ್ತದೆ. ಎಲ್ಲ ಕಂಪನಿಗಳಿಗೂ ಒಪ್ಪುವ ಒಂದೇ ಅಳತೆ ಇಂದಿಗೂ ಬಂದಿಲ್ಲ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೊಂದಿಸಿ ನೋಡಲು ಕೋಷ್ಟಕಗಳಿವೆ. ಹುಡುಗ ಅದನ್ನು ನೋಡಿರಲಿಲ್ಲ. ಅವನಿಗೆ ಬೇಕಾಗಿದ್ದುದು ಒಂದು ಮೆಟ್ಟಿಲು ತಂಪಾದ ಪ್ಲಗ್ಗು, ಹಾಕಿದ್ದು ಒಂದು ಮೆಟ್ಟಿಲು ಬಿಸಿಯಾದುದು. ಒಂದೊಂದು ಮೆಟ್ಟಿಲಿಗೆ ತುದಿಯ ಉಷ್ಣತೆಯಲ್ಲಿ ಸುಮಾರು 70ರಿಂದ 100 ಡಿಗ್ರಿಗಳ ಅಂತರ. ಎರಡು ಮೆಟ್ಟಿಲಿಗೆ ಎಷ್ಟಾಯಿತೆಂದು ನೀವೇ ಕೂಡಿಸಿಕೊಳ್ಳಿ.

ಹಾಗಾದರೆ ಇರುವುದರಲ್ಲೆಲ್ಲ ಅತಿ ತಂಪಾದುದನ್ನೇ ಹಾಕಿಬಿಟ್ಟರೆ ಕ್ಷೇಮವಲ್ಲವೇ? ನಾನೂ ಹಾಗೆಯೇ ಕೇಳಿದೆ. ಮಿಸ್ತ್ರಿ ನಕ್ಕರು. ಎಂಜಿನ್ನು ಬಿಸಿಯೇರುವ ತನಕ, ನಿಧಾನವಾಗಿ ಓಡುವಾಗ, ಅಂತಹ ಪ್ಲಗ್ಗು ಮಸಿ ಹಿಡಿದು ಸತ್ತುಹೋಗುತ್ತದೆ. ಪಂದ್ಯದ ಗೆರೆಯ ಬಳಿಗೆ ಕಾರನ್ನು ತಳ್ಳಿಕೊಂಡು ಹೋಗಬೇಕಾದೀತು. ಆದುದರಿಂದ ಒಂದೊಂದೇ ಮೆಟ್ಟಿಲು ಇಳಿಯಬೇಕು, ಇಳಿದಾಗಲೆಲ್ಲ ಬಿಚ್ಚಿ ನೋಡಬೇಕು.

ಹುಡುಗನ ಮನಸ್ಸು ಇರಿಡಿಯಂ ಪ್ಲಗ್ಗಿನ ಮೇಲೆ ನೆಟ್ಟಿತ್ತು. ಬೆಲೆ ಹೆಚ್ಚಾದುದರಿಂದ ಅದೇ ಮೇಲೆಂಬುದು ಅವನ ಎಣಿಕೆ. ಇರಿಡಿಯಂ 2400 ಡಿಗ್ರಿಯನ್ನು ಮೀರಿದ ಮೇಲೆ ಕರಗುವ ಗಟ್ಟಿ ಲೋಹ. ಕಡ್ಡಿಯ ತುದಿಯನ್ನು ಸೂಜಿಯಷ್ಟು ಸಪುರ ಮಾಡಿದರೂ ಬೇಗ ಸವೆಯದು, ಸಪುರ ತುದಿಯಿಂದ ಕಿಡಿ ಹಾರಲು ವೋಲ್ಟೂ ಕಡಿಮೆ ಸಾಕು. ಇವು ಒಳ್ಳೆಯ ಗುಣಗಳೇ. ಆದರೆ ಬಿಸಿ ತಂಪುಗಳ ಲೆಕ್ಕ ಬೇರೆ, ಲೋಹದ ಲೆಕ್ಕ ಬೇರೆ. ತಪ್ಪು ಸಂಖ್ಯೆಯ ಇರಿಡಿಯಂ ಪ್ಲಗ್ಗೂ ಪಿಸ್ಟನ್ನನ್ನು ಸುಟ್ಟೀತು. ಪಂದ್ಯದ ಕಾರಿನ ಪ್ಲಗ್ಗುಗಳನ್ನು ಹೇಗೂ ಆಗಾಗ ಬದಲಿಸುವುದರಿಂದ ಅಗ್ಗದ ನಿಕ್ಕಲ್ ಪ್ಲಗ್ಗೇ ಸಾಕೆಂಬುದು ಮಿಸ್ತ್ರಿಯ ಅಭಿಪ್ರಾಯ; ನನಗೂ ಅದು ಸರಿಯೆನಿಸಿತು.

ಸಂದಿನ ಅಳತೆಯೂ ಮುಖ್ಯ. ಸಾಮಾನ್ಯವಾಗಿ ಅದು 0.7ರಿಂದ 1.1 ಮಿಲಿಮೀಟರಿನವರೆಗೆ ಇರುತ್ತದೆ. ಒತ್ತಡ ಹೆಚ್ಚಿದಷ್ಟೂ ಕಿಡಿಗೆ ಸಂದನ್ನು ಜಿಗಿಯುವುದು ಕಷ್ಟ. ಆಗ ಸಂದನ್ನು ಕೊಂಚ ಕಿರಿದುಗೊಳಿಸುತ್ತಾರೆ. ತಿರುಪಿನ ಉದ್ದವಂತೂ ಹೆಡ್ಡಿಗೆ ಒಪ್ಪಲೇಬೇಕು. ಹೆಚ್ಚು ಉದ್ದವಾದರೆ ಪಿಸ್ಟನ್ನು ಬಂದು ಬಡಿಯುತ್ತದೆ. ಪ್ಲಗ್ಗನ್ನು ಕೂರಿಸುವಾಗ ಎಂಜಿನ್ನು ಆರಿರಬೇಕು, ಮೊದಲ ತಿರುವುಗಳು ಕೈಯಿಂದಲೇ ಆಗಬೇಕು. ಸಡಿಲ ಬಿಟ್ಟರೆ ಕಾವು ಹೆಡ್ಡಿಗೆ ದಾಟದೆ ತಂಪು ಪ್ಲಗ್ಗೂ ಬಿಸಿಯಾಗಿಬಿಡುತ್ತದೆ.

ಬಿಚ್ಚಿದ ಪ್ಲಗ್ಗನ್ನು ಓದುವುದು ಒಂದು ವಿದ್ಯೆ. ಪಿಂಗಾಣಿ ತಿಳಿಕಂದು ಬಣ್ಣದ್ದಾಗಿದ್ದರೆ ಎಲ್ಲವೂ ಸರಿ. ಒಣ ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಇಲ್ಲವೆ ಪ್ಲಗ್ಗು ಅತಿ ತಂಪು. ಎಣ್ಣೆಯ ಜಿಡ್ಡಿದ್ದರೆ ಎಂಜಿನ್ನಿನ ಒಳಗೇ ಸವಕಳಿ. ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆಯೆದ್ದಿದ್ದರೆ ಅಪಾಯ. ಸೀಸ ಬೆರೆಸದ ಇಂದಿನ ಪೆಟ್ರೋಲಿನಲ್ಲಿ ಬಣ್ಣ ಬೇಗ ಮೂಡುವುದಿಲ್ಲವಾಗಿ ಅವಸರದಿಂದ ತೀರ್ಮಾನಿಸಬಾರದೆಂದು ಮಿಸ್ತ್ರಿ ಎಚ್ಚರಿಸಿದರು. ವೃತ್ತಪತ್ರಿಕೆಯ ಮೇಲಿದ್ದ ನಾಲ್ಕರಲ್ಲಿ ಮೂರು ಬೆಳ್ಳಗಿದ್ದವು. ನಾಲ್ಕನೆಯದರ ಕಡ್ಡಿ ಕರಗಿ ಮಣಿಯಾಗಿತ್ತು.

ಹುಡುಗನ ತಂದೆಯೂ ಅಂದು ಬಂದಿದ್ದರು. ಪೇಟೆಯಲ್ಲಿ ಕಾಯಿಯನ್ನು ಬೆಳಕಿಗೆ ಹಿಡಿದು ನೋಡಿ ರೂಢಿಯಾದ ಕೈ ಅವರದು. ಆ ಪ್ಲಗ್ಗನ್ನೂ ಹಾಗೆಯೇ ಬೆಳಕಿಗೆ ಹಿಡಿದು ತಿರುಗಿಸಿದರು. ಮಗನನ್ನು ಬೈಯಲಿಲ್ಲ. "ಹೊಸಾ ಪಿಸ್ಟನ್ನಿಗೆ ಎಷ್ಟಾಕ್ಕತಿ?" ಎಂದಷ್ಟೇ ಕೇಳಿದರು.

ಮುಂದಿನ ಹಂಗಾಮಿನಲ್ಲಿ ಎಂಜಿನ್ನು ಮತ್ತೆ ಸಿದ್ಧವಾಯಿತು. ಈ ಸಲ ಹಾಕಿದ್ದು ಮೊದಲಿನ ಕಂಪನಿಯದೇ 7ನೆಯ ಸಂಖ್ಯೆಯ ನಿಕ್ಕಲ್ ಪ್ಲಗ್ಗು. ಕೊಯಮತ್ತೂರಿನಿಂದ ಮರಳಿದ ಮೇಲೆ ಬಿಚ್ಚಿ ನೋಡಿದಾಗ ನಾಲ್ಕೂ ತಿಳಿಕಂದಾಗಿದ್ದವು. ಗ್ಯಾರೇಜಿನ ಗೋಡೆಯ ಮೇಲೆ ಹುಡುಗ ತನ್ನ ಕೈಯಾರೆ ಬಣ್ಣದಿಂದ ಎರಡು ಬಾಣಗಳನ್ನು ಬರೆದಿದ್ದಾನೆ. ಒಂದರ ತುದಿ ಮೇಲಕ್ಕೆ, ಇನ್ನೊಂದರದು ಕೆಳಕ್ಕೆ; ಪಕ್ಕದಲ್ಲಿ ಕಂಪನಿಗಳ ಹೆಸರು. ಅವುಗಳ ನಡುವಣ ಮೊಳೆಗೆ ಆ ಕರಗಿದ ಪ್ಲಗ್ಗು ತಂತಿಯಲ್ಲಿ ತೂಗಾಡುತ್ತಿದೆ.