ಕಾಲ್ಚೆಂಡಿನ ಹಾವಾಡಿಗ ಅಹಮದ್ ಖಾನ್

ಪುತ್ತೂರು, ಸುಳ್ಯ, ಕಡಬದ ಸೀಮೆಗಳಲ್ಲಿ ಮಳೆಗಾಲವು ಹಿಡಿಯಿತೆಂದರೆ ಶಾಲೆಯ ಬಾಲಕರು ಕೆಸರು ಬಯಲಿನಲ್ಲಿ ಚೆಂಡನ್ನು ಒದೆಯುತ್ತಿರುವ ನೋಟವು ವಾಚಕರಿಗೆ ಹೊಸದಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿಯೂ ಅವರದು ಅದೇ ಆಟ. ಬೂಟುಳ್ಳವರು ಕೆಲವರು, ಬರಿಗಾಲಿನವರು ಹಲವರು. ಇವರನ್ನು ಕರೆದು ಕೇಳಿದರೆ, ಚಿಲಿ ದೇಶದ ಮಾರ್ಸೆಲೊ ಸಾಲಾಸ್ ಎಂಬವರು 1998ರ ವಿಶ್ವಕಪ್ ಪಂದ್ಯಗಳಲ್ಲಿ ನಾಲ್ಕು ಗೋಲುಗಳನ್ನು ಹೊಡೆದರೆಂದು ಹೇಳಬಲ್ಲ ಜಾಣರೂ ಸಿಕ್ಕಾರು. ಸಾವಿರ ಯೋಜನದಾಚೆಯ ಆ ಮಹನೀಯರ ಕೀರ್ತಿಗೆ ನಾವು ಅಸೂಯೆಪಡುವವರಲ್ಲ. ಆದರೆ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿ, ಎರಡು ಒಲಿಂಪಿಕ್ ಕೂಟಗಳಲ್ಲಿ ಭಾರತದ ಪರವಾಗಿ ಆಡಿದ ಅಹಮದ್ ಖಾನರ ಹೆಸರನ್ನು ಆ ಬಾಲಕರ ತಂದೆತಾಯಿಗಳೂ ಅರಿಯದಿರುವುದು ನಮಗೆ ಖೇದಕರವಾಗಿ ತೋರುತ್ತದೆ.

ಖಾನರು ಜನಿಸಿದುದು 1926ನೆಯ ಇಸವಿ ದಶಂಬರ 24ರಂದು. ಆ ಕಾಲದ ಬೆಂಗಳೂರಿನ ದಂಡು ಪ್ರದೇಶದಲ್ಲಿ ಆಂಗ್ಲ ಪಡೆಗಳ ಸಿಪಾಯಿಗಳು ಸಂಜೆಯ ಹೊತ್ತಿನಲ್ಲಿ ಕಾಲ್ಚೆಂಡನ್ನಾಡುತ್ತಿದ್ದರು. ಬೇಲಿಯ ಹೊರಗೆ ನಿಂತು ನೋಡಿದ ನೆರೆಯ ಹುಡುಗರು ಆಟವನ್ನು ಕಲಿತುದಲ್ಲದೆ ಕಲಿಸಿದವರನ್ನೇ ಸೋಲಿಸುವಷ್ಟು ಪಳಗಿದರು. ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆಂದರೆ ಬೆಂಗಳೂರು ಮುಸ್ಲಿಮ್ಸ್. ಅದು 1937ರ ಮಾತು. ಮರುವರ್ಷವೂ ಕಪ್ಪು ಅವರದೇ ಆಯಿತು. ಬಾಲಕ ಅಹಮದರು ಬೆಳೆದುದು ಇಂಥ ಊರಿನಲ್ಲಿ. ಮೊದಲು ಕ್ರೆಸೆಂಟ್ ಎಂಬ ಸ್ಥಳೀಯ ಸಂಘದಲ್ಲಿಯೂ ಬಳಿಕ ಈ ಮುಸ್ಲಿಮ್ಸ್ ತಂಡದಲ್ಲಿಯೂ ಅವರು ಆಡಿದರು.

1948ರಲ್ಲಿ ಲಂಡನ್ ಒಲಿಂಪಿಕ್ ಕೂಟಕ್ಕೆ ಹೊರಟ ಭಾರತದ ತಂಡದಲ್ಲಿ ಅವರಿಗೆ ಸ್ಥಾನ ದೊರೆಯಿತು. ಸ್ವಾತಂತ್ರ್ಯ ಬಂದು ಒಂದು ವರ್ಷವೂ ತುಂಬಿರಲಿಲ್ಲ. ನಾಯಕರು ನಾಗಾ ಸೀಮೆಯ ಡಾಕ್ಟರ್ ತಾಲಿಮೆರೆನ್ ಆವೊ. ಜುಲೈ 31ರಂದು ಫ್ರಾನ್ಸ್ ದೇಶದವರೊಡನೆ ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಅಂಗಣಕ್ಕಿಳಿದುದನ್ನು ಕಂಡು ಪ್ರೇಕ್ಷಕರು ಬೆರಗಾದರಂತೆ. ಇದನ್ನು ಕೇವಲ ಬಡತನವೆಂದು ತಿಳಿಯಲಾಗದು. ಚರ್ಮದ ಚೆಂಡಿನ ಸ್ಪರ್ಶವನ್ನು ಅಂಗಾಲು, ಹೆಬ್ಬೆರಳುಗಳು ಅರಿಯುವಷ್ಟು ಬೂಟು ಅರಿಯದು. ಒಣನೆಲದಲ್ಲಿ ಆಡಿ ಬೆಳೆದವರಿಗೆ ಬರಿಗಾಲೇ ಹೆಚ್ಚಿನ ನೆಚ್ಚಿಕೆ. ಫ್ರೆಂಚರು ಮೊದಲು ಒಂದು ಗೋಲನ್ನು ಹೊಡೆದರು. ನಮಗೆ ದೊರೆತ ಎರಡು ಪೆನಾಲ್ಟಿ ಹೊಡೆತಗಳೂ ವ್ಯರ್ಥವಾದುವು. ಅನಂತರ ಸಾರಂಗಪಾಣಿ ರಾಮನ್ ಅವರು ಗೋಲು ಹೊಡೆದು ಸರಿಗಟ್ಟಿದರು. ಇವರೂ ಮೈಸೂರಿನ ಪರವಾಗಿ ಆಡುತ್ತಿದ್ದವರೇ. ಆಟವು ಮುಗಿಯಲು ನಿಮಿಷವೊಂದು ಉಳಿದಿರುವಾಗ ಫ್ರೆಂಚರು ಮತ್ತೊಂದನ್ನು ಹೊಡೆದು 2-1ರಿಂದ ಗೆದ್ದರು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡವರು ದೈವವನ್ನು ದೂರುವಂತಿಲ್ಲ.

1949ರಲ್ಲಿ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದರು. ದೇಶವಿಭಜನೆಯಿಂದ ಮನೆಮಠಗಳನ್ನು ಕಳೆದುಕೊಂಡು ಪೂರ್ವಬಂಗಾಳದಿಂದ ಬಂದ ಅಸಂಖ್ಯ ಕುಟುಂಬಗಳಿಗೆ ಆ ಸಂಘವೇ ತವರಿನ ಗುರುತಾಗಿ ಉಳಿದಿತ್ತು. ಹಾಗೆ ನೊಂದ ಜನರಿಗೆ ವಾರಕ್ಕೊಂದು ಸಂಜೆಯ ಸಂತೋಷವನ್ನು ಒದಗಿಸಿದವರಲ್ಲಿ ಅವರ ಭಾಷೆಯನ್ನೇ ಅರಿಯದ ಬೆಂಗಳೂರಿನ ಯುವಕರು ಸೇರಿದ್ದರೆಂಬುದು ನಮಗೆ ಗೆಲುವಿನ ಲೆಕ್ಕಕ್ಕಿಂತಲೂ ಹಿರಿದಾಗಿ ಕಾಣುತ್ತದೆ. ಅಂದಿನ ಆಟದ ಕ್ರಮದಲ್ಲಿ ಮುಂಚೂಣಿಗೆ ಐವರು ನಿಲ್ಲುತ್ತಿದ್ದರು. ಅಹಮದ್ ಖಾನ್, ವೆಂಕಟೇಶ್, ಧನರಾಜ್, ಆಂಧ್ರದ ಅಪ್ಪಾರಾವ್, ಕೇರಳದ ಸಾಲೇ ಈ ಐವರನ್ನೂ ಕಲ್ಕತ್ತೆಯ ಜನರು ‘ಪಂಚಪಾಂಡವ’ರೆಂದು ಕರೆದರು. ಪಾಂಡವರಲ್ಲಿ ಇಬ್ಬರು ಮುಸಲ್ಮಾನರು! ವ್ಯಾಸಮಹರ್ಷಿಗಳು ಇದಕ್ಕೆ ಆಕ್ಷೇಪವೆತ್ತಲಾರರೆಂದು ನಮ್ಮ ನಂಬಿಕೆ. ಎಡಗಡೆಯ ಒಳಬದಿಯಲ್ಲಿ ಆಡುತ್ತಿದ್ದ ಖಾನರನ್ನು ನಾವಾದರೆ ನಕುಲನೆನ್ನುವೆವು. ವಿರಾಟನ ಲಾಯದಲ್ಲಿ ಕುದುರೆಗಳು ನಕುಲನ ಮಾತನ್ನು ಕೇಳಿದಂತೆ ಚೆಂಡು ಇವರ ಕಾಲಿನ ಮಾತನ್ನು ಕೇಳುತ್ತಿತ್ತು. ನೋಡಿದವರು ಕೊಟ್ಟ ಬಿರುದು ಮಾತ್ರ ‘ಹಾವಾಡಿಗ’. ಪುಂಗಿಯ ಮುಂದೆ ಹಾವು ತೂಗುವಂತೆ ಎದುರಾಳಿಯು ಅತ್ತಿತ್ತ ತೂಗುತ್ತಿರುವಾಗ ಇವರು ಸದ್ದಿಲ್ಲದೆ ಚೆಂಡಿನೊಡನೆ ದಾಟಿಹೋಗುವರು. 1949, 1950, 1951 ಈ ಮೂರು ವರ್ಷಗಳಲ್ಲಿಯೂ ಐ.ಎಫ್.ಎ. ಶೀಲ್ಡು ಈಸ್ಟ್ ಬೆಂಗಾಲಿಗೇ ಸಂದಿತು. 1951, 1952ರ ಡುರಾಂಡ್ ಕಪ್ಪುಗಳೂ ಬಂದುವು. 1953ರಲ್ಲಿ ಸಂಘವು ರುಮೇನಿಯಾ, ರಷ್ಯಾಗಳವರೆಗೆ ಹೋಗಿ ಆಡಿತು.

1951ರ ಮಾರ್ಚಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಏಷ್ಯನ್ ಕೂಟದಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಸುವರ್ಣಪದಕವನ್ನು ಪಡೆದ ತಂಡದಲ್ಲಿಯೂ ಖಾನರಿದ್ದರು. ಮರುವರ್ಷ ಹೆಲ್ಸಿಂಕಿಯಲ್ಲಿ ಆದುದೇ ಬೇರೆ. ಅಲ್ಲಿಯ ಚಳಿಯಲ್ಲಿ ಬರಿಗಾಲುಗಳು ಮರಗಟ್ಟಿದುವು. ಯುಗೊಸ್ಲಾವಿಯದವರು 10-1ರಿಂದ ಗೆದ್ದರು. ಆ ಒಂದು ಗೋಲನ್ನು ಹೊಡೆದವರು ಅಹಮದ್ ಖಾನರೇ, ಅದೂ 89ನೆಯ ನಿಮಿಷದಲ್ಲಿ. ಹತ್ತು ಗೋಲುಗಳನ್ನು ತಿಂದ ಮೇಲೆಯೂ ಕೊನೆಯ ಗಳಿಗೆಯವರೆಗೆ ಓಡುತ್ತಿದ್ದವನಿಗಲ್ಲದೆ ಅಂಥ ಗೋಲು ಒದಗದು. ಈ ಸೋಲಿನ ತರುವಾಯವೇ ನಮ್ಮ ದೇಶದಲ್ಲಿ ಬೂಟು ಕಡ್ಡಾಯವಾಯಿತು. ಬೇಕಾದುದೇ, ಆದರೂ ಅಂಗಾಲಿನ ಒಂದು ವಿದ್ಯೆಯು ಅದರೊಡನೆ ಹೋಯಿತೆಂದು ಹಳಬರು ಮರುಗಿದರೆ ಅವರನ್ನು ನಗುವಂತಿಲ್ಲ.

1959ರವರೆಗೆ, ಎಂದರೆ ಹತ್ತು ವರ್ಷಗಳಷ್ಟು ಕಾಲ, ಅವರು ಒಂದೇ ಸಂಘದಲ್ಲಿ ಆಡಿದರು. ಸರಕಾರವು ಅರ್ಜುನ ಪ್ರಶಸ್ತಿಯನ್ನು ಆರಂಭಿಸಿದುದು 1961ರಲ್ಲಿ. ಖಾನರ ಆಟದ ದಿನಗಳು ಆಗಲೇ ಮುಗಿದಿದ್ದುವು. ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು 1946-47ರಲ್ಲಿಯೂ 1952-53ರಲ್ಲಿಯೂ ಗೆದ್ದು, ಕೊನೆಗೆ 1968-69ರಲ್ಲಿ ಗೆದ್ದ ಬಳಿಕ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚಿ 4ರಂದು ಅರಬರ ರಿಯಾದ್ ನಗರದಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿ ಅದನ್ನು ಮರಳಿ ತಂದಿತು. ಅದನ್ನು ಕೇಳಲು ಖಾನರು ಇರಲಿಲ್ಲ. 2017ರ ಆಗಸ್ಟ್ 27ರಂದು, ತಮ್ಮ 90ನೆಯ ವಯಸ್ಸಿನಲ್ಲಿ, ಹುಟ್ಟೂರಾದ ಬೆಂಗಳೂರಿನಲ್ಲಿಯೇ ಅವರು ತೀರಿಕೊಂಡಿದ್ದರು.