ಮುಂಭಾರ, ಹಿಂಭಾರ: ತೆಂಗು ಹೊರುವ ಟ್ರೇಲರಿನ ತೂಕದ ಲೆಕ್ಕ

ಅರಸೀಕೆರೆ ಸೀಮೆಯ ತೋಟಗಳಿಂದ ತೆಂಗಿನಕಾಯಿ, ಕೊಬ್ಬರಿ ಸಾಗಿಸುವುದಕ್ಕೂ, ಬೇಲೂರು, ಹಳೇಬೀಡು ಕಡೆಯ ಹೊಲಗಳಿಂದ ಆಲೂಗಡ್ಡೆ, ಶುಂಠಿ, ಮೆಕ್ಕೆಜೋಳ ಹೇರಿಕೊಂಡು ಹೋಗುವುದಕ್ಕೂ ಎತ್ತಿನ ಗಾಡಿಯ ಜಾಗಕ್ಕೆ ಟ್ರ್ಯಾಕ್ಟರ್ ಮತ್ತು ಟ್ರೇಲರ್ ಬಂದು ದಶಕಗಳೇ ಕಳೆದಿವೆ. ಆದರೆ ಗಾಡಿ ಹೂಡುತ್ತಿದ್ದ ಪ್ರತಿಯೊಬ್ಬ ರೈತನಿಗೂ ಗೊತ್ತಿದ್ದ ಒಂದು ಲೆಕ್ಕ ಈ ನಡುವೆ ಮರೆಯಾಗುತ್ತಿದೆ. ಎರಡು ಚಕ್ರದ ಗಾಡಿಗೆ ಹೇರುವಾಗ ಭಾರ ಅಚ್ಚಿಗಿಂತ ಸ್ವಲ್ಪ ಮುಂದಕ್ಕಿರಬೇಕು, ಅತಿಯಾಗಬಾರದು ಎಂಬುದೇ ಆ ಲೆಕ್ಕ. ಮುಂಭಾರ ಹೆಚ್ಚಿದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರ ಹೆಚ್ಚಿದರೆ ಮೂಕಿ ಮೇಲೆದ್ದು ನೊಗದ ಹಗ್ಗ ಕೊರಳನ್ನು ಬಿಗಿಯುತ್ತದೆ. ಎಂಜಿನ್‌ಗೆ ಹೆಗಲೂ ಇಲ್ಲ, ಕೊರಳೂ ಇಲ್ಲ. ಆದ್ದರಿಂದ ತಪ್ಪು ಹೇರಿಕೆಯ ನೋವನ್ನು ಅದು ಹೇಳಿಕೊಳ್ಳುವುದಿಲ್ಲ, ಇಳಿಜಾರಿನಲ್ಲಿಯೋ ತಿರುವಿನಲ್ಲಿಯೋ ಒಮ್ಮೆಲೇ ತೋರಿಸುತ್ತದೆ.

ಇದೇ ಲೆಕ್ಕವನ್ನು ಅಮೆರಿಕದವರು ಬೇರೊಂದು ರೀತಿಯಲ್ಲಿ ಬಗೆಹರಿಸಿಕೊಂಡಿದ್ದಾರೆ. ಅಲ್ಲಿ ಪ್ರವಾಸ ಹೊರಡುವ ಕುಟುಂಬಗಳು ಅಡುಗೆಮನೆ, ಮಲಗುವ ಕೋಣೆಗಳಿರುವ ಐದಾರು ಟನ್ನಿನ ಗಾಲಿಮನೆಯನ್ನು ಭಾರಿ ಪಿಕಪ್ ವಾಹನಕ್ಕೆ ಜೋಡಿಸಿ ಎಳೆಯುತ್ತವೆ. ಜೋಡಣೆಯ ಕೊಂಡಿ ವಾಹನದ ಬಾಲದಲ್ಲಿರದೆ, ಸರಕು ತುಂಬುವ ತೊಟ್ಟಿಯೊಳಗೆ, ಹಿಂದಿನ ಅಚ್ಚಿನ ನೇರ ಮೇಲೆ ಅಥವಾ ಅದಕ್ಕಿಂತ ಕೊಂಚ ಮುಂದೆ ಇರುತ್ತದೆ. ಇದಕ್ಕೆ ‘ಫಿಫ್ತ್ ವ್ಹೀಲ್’, ಅಂದರೆ ಐದನೆಯ ಚಕ್ರ, ಎಂದು ಹೆಸರು. ಹಿಂದೆ ನಾಲ್ಕು ಚಕ್ರದ ಕುದುರೆಗಾಡಿಗಳ ಮುಂದಿನ ಅಚ್ಚು ಸುಲಭವಾಗಿ ತಿರುಗಲೆಂದು ಅದರ ಮೇಲೆ ಮಲಗಿಸಿಡುತ್ತಿದ್ದ ಕಬ್ಬಿಣದ ಬಳೆಯಿಂದ ಈ ಹೆಸರು ಬಂದಿದೆ. ಅರಸೀಕೆರೆಯನ್ನು ಹಾದು ಹೋಗುವ ತುಮಕೂರು–ಶಿವಮೊಗ್ಗ ಹೆದ್ದಾರಿಯ ಕಂಟೇನರ್ ಲಾರಿಗಳಲ್ಲಿಯೂ ಇರುವುದು ಇದೇ ಜೋಡಣೆ, ಮತ್ತು ನಾಲ್ಕು ಚಕ್ರದ ಟ್ರ್ಯಾಕ್ಟರ್ ಟ್ರೇಲರಿನ ಮುಂಭಾಗದಲ್ಲಿ ತಿರುಗುವ ದುಂಡು ಚೌಕಟ್ಟು ಆ ಹಳೆಯ ಬಳೆಯ ನೇರ ಸಂತಾನ.

ಕೊಂಡಿ ಅಚ್ಚಿನ ಮೇಲಿದ್ದರೆ ಬರುವ ಲಾಭವನ್ನು ಏತದ ಮರವನ್ನು ಕಂಡವರು ಬೇಗ ಗ್ರಹಿಸುತ್ತಾರೆ. ಗಾಲಿಮನೆಯ ಒಟ್ಟು ತೂಕದಲ್ಲಿ ಶೇಕಡಾ 15ರಿಂದ 25ರಷ್ಟು ಕೊಂಡಿಯ ಮೇಲೆ ಕೂರುತ್ತದೆ. ಅದು ಪಿಕಪ್ಪಿನ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆಯೇ ಹೊರತು ಮುಂದಿನ ಚಕ್ರಗಳನ್ನು ಎತ್ತುವುದಿಲ್ಲ. ಟ್ರ್ಯಾಕ್ಟರಿನ ಕೊಂಡಿಯಾದರೋ ಹಿಂದಿನ ಅಚ್ಚಿನ ಆಚೆಗಿದೆ. 2 ಟನ್ ತೂಗುವ ಟ್ರ್ಯಾಕ್ಟರಿನ ಮುಂದಿನ ಚಕ್ರಗಳ ಮೇಲೆ 750 ಕಿಲೋ ಇದ್ದು, ಎರಡು ಅಚ್ಚುಗಳ ನಡುವೆ 2 ಮೀಟರ್, ಹಿಂದಿನ ಅಚ್ಚಿನಿಂದ ಕೊಂಡಿಗೆ 70 ಸೆಂಟಿಮೀಟರ್ ಅಂತರವಿದೆ ಎಂದು ಇಟ್ಟುಕೊಂಡರೆ, ಎರಡು ಚಕ್ರದ ಟ್ರೇಲರು ಕೊಂಡಿಯ ಮೇಲೆ 1 ಟನ್ ಹೇರಿದಾಗ ಮುಂದಿನ ಚಕ್ರಗಳಿಂದ 350 ಕಿಲೋ ಕಳಚಿಹೋಗುತ್ತದೆ. ಅಂದರೆ ಸ್ಟೀರಿಂಗ್ ತಿರುಗಿಸಿದಾಗ ರಸ್ತೆಯನ್ನು ಕಚ್ಚಬೇಕಾದ ಗಾಲಿಗಳ ಹಿಡಿತ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಏರಿನಲ್ಲಿ ಇದು ಇನ್ನೂ ಹೆಚ್ಚು. ಕೊಂಡಿಯನ್ನು ಇರಬೇಕಾದ ಎತ್ತರಕ್ಕಿಂತ ಮೇಲೆ ಕಟ್ಟಿ ಎಳೆದರೆ ಟ್ರ್ಯಾಕ್ಟರಿನ ಮೂತಿ ಎದ್ದು ಹಿಂದಕ್ಕೆ ಮಗುಚುವ ಅಪಾಯವಿದೆ.

ಹಾಗೆಂದು ಭಾರವನ್ನು ಹಿಂದಕ್ಕೆ ತಳ್ಳುವುದು ಪರಿಹಾರವಲ್ಲ, ಹಿಂಭಾರದ ಟ್ರೇಲರು ಹಾವಿನಂತೆ ಓಲಾಡತೊಡಗುತ್ತದೆ. ಭಾರವಾದ ಮೂಟೆಗಳನ್ನು ಅಚ್ಚಿನ ಮೇಲೆ, ತುಸು ಮುಂದಕ್ಕೆ, ತಳದಲ್ಲಿಯೇ ಜೋಡಿಸುವುದು ಸರಿಯಾದ ಕ್ರಮ.

ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ. ಸಿಪ್ಪೆ ಸುಲಿದ ಕಾಯಿ ಒಂದೊಂದು ಅರ್ಧ ಕಿಲೋ ತೂಗಿದರೂ ಹತ್ತು ಸಾವಿರ ಕಾಯಿಗೆ 5 ಟನ್ ಆಗುತ್ತದೆ. ಹೀಗೆ ತನಗಿಂತ ಎರಡೂವರೆ ಪಟ್ಟು ಭಾರವನ್ನು 2 ಟನ್ನಿನ ಟ್ರ್ಯಾಕ್ಟರ್ ಹಿಂದೆ ಕಟ್ಟಿಕೊಂಡು ಇಳಿಯುತ್ತದೆ. ಅಮೆರಿಕದ ಗಾಲಿಮನೆಯ ಚಕ್ರಗಳಿಗೆ ಸ್ವಂತ ವಿದ್ಯುತ್ ಬ್ರೇಕುಗಳಿದ್ದು, ಕೊಂಡಿ ಕಳಚಿದರೂ ಅವು ತಾವಾಗಿ ಹಿಡಿಯುವ ಏರ್ಪಾಡಿರುತ್ತದೆ. ನಮ್ಮ ಹಳ್ಳಿಗಳ ಟ್ರೇಲರುಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲವಾದ್ದರಿಂದ ಟ್ರ್ಯಾಕ್ಟರ್ ನಿಂತರೂ ಟ್ರೇಲರು ಮುನ್ನುಗ್ಗಿ, ಅದರ ಹಿಂಭಾಗವನ್ನು ಪಕ್ಕಕ್ಕೆ ತಳ್ಳಿ, ಎರಡೂ ಮಡಿಸಿದ ಚಾಕುವಿನಂತೆ ಸೇರಿಕೊಳ್ಳುತ್ತವೆ. ವೇಗ ಎರಡು ಪಟ್ಟಾದರೆ ನಿಲ್ಲಿಸಲು ಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕುವುದು ಜೀವವನ್ನು ಪಣಕ್ಕಿಡುವ ಕೆಲಸ.

ಇನ್ನೆರಡು ಸಣ್ಣ ವಸ್ತುಗಳು ದೊಡ್ಡ ಗಮನವನ್ನು ಬೇಡುತ್ತವೆ. ಉಳುಮೆಯಲ್ಲಿ ಬೇಗ ತಿರುಗಲೆಂದು ಟ್ರ್ಯಾಕ್ಟರಿಗೆ ಎಡ ಬಲ ಚಕ್ರಗಳಿಗೆ ಬೇರೆಬೇರೆ ಬ್ರೇಕ್ ಪೆಡಲುಗಳಿವೆ. ರಸ್ತೆಗೆ ಬರುವ ಮುನ್ನ ಅವೆರಡನ್ನೂ ಕೂಡಿಸುವ ಪಟ್ಟಿಯನ್ನು ಹಾಕದಿದ್ದರೆ, ಗಾಬರಿಯಲ್ಲಿ ಒಂದನ್ನೇ ತುಳಿದಾಗ ಟ್ರ್ಯಾಕ್ಟರ್ ಗಿರ್ರನೆ ಒಂದು ಪಕ್ಕಕ್ಕೆ ತಿರುಗಿಬಿಡುತ್ತದೆ. ಎರಡನೆಯದು ಕೊಂಡಿಯ ಪಿನ್ನು. ಹೆಬ್ಬೆರಳಿಗಿಂತ ದಪ್ಪನಾದ ಆ ಕಬ್ಬಿಣದ ಕೆಳತುದಿಯ ತೂತಿಗೆ ಲಾಕು ಹಾಕಿರಬೇಕು. ಅದು ಕಳೆದುಹೋದಾಗ ಮೊಳೆಯನ್ನೋ ತಂತಿಯನ್ನೋ ತೂರಿಸಿ ಹೊರಡುವವರು, ಗಾಡಿಯ ಕಾಲದಲ್ಲಿ ಕಡಾಣಿಯಿಲ್ಲದೆ ಹಿರಿಯರು ಅಂಗಳ ದಾಟುತ್ತಿರಲಿಲ್ಲ ಎಂಬುದನ್ನು ನೆನೆಯಬೇಕು.

ಬೇಲೂರು, ಹಳೇಬೀಡಿನ ದೇಗುಲಗಳು 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಅವುಗಳ ನಡುವಿನ ಸುಮಾರು 16 ಕಿಲೋಮೀಟರ್ ದಾರಿಯಲ್ಲಿ ಪ್ರವಾಸಿಗರ ಕಾರು, ಬಸ್ಸುಗಳೂ ರೈತರ ಟ್ರೇಲರುಗಳೂ ಒಟ್ಟಿಗೆ ಓಡಾಡುತ್ತವೆ. ಕತ್ತಲಲ್ಲಿ ದೀಪವಿಲ್ಲದ ಟ್ರೇಲರಿನ ಹಿಂಭಾಗ ಕಾರಿನವರ ಕಣ್ಣಿಗೆ ಬೀಳುವ ಹೊತ್ತಿಗೆ ಬ್ರೇಕ್ ಹಾಕುವಷ್ಟು ದೂರ ಉಳಿದಿರುವುದಿಲ್ಲ. ಹೊಸ ಟ್ರೇಲರು ಮಾಡಿಸುವ ರೈತರು ಬ್ರೇಕ್ ಇರುವುದನ್ನೇ ಕೇಳಿ ಮಾಡಿಸಿಕೊಳ್ಳಬೇಕು. ಹಳೆಯದನ್ನು ಇಟ್ಟುಕೊಂಡವರು ಇವತ್ತಿನ ಹೇರು ಹೊರಡುವ ಮೊದಲೇ ಅದರ ಹಿಂದೆ ಕೆಂಪು ಪ್ರತಿಫಲಕದ ಪಟ್ಟಿ ಅಂಟಿಸಬೇಕು.